ಆರ್‌ನಲ್ಲಿ ಕನ್ನಡ ಚಾರ್ಟ್: ಫಾಂಟ್, ಥೀಮ್ ಬಗ್ಗೆ ನಿಮ್ಮ ಅನುಭವ ಹೇಳಿ

ಹಾವೇರಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಾವೇರಿಯ ಒಂದು ಸಣ್ಣ ಸಂಸ್ಥೆಯಲ್ಲಿ ಅಂಕಿ-ಅಂಶದ ಕೆಲಸ ನನ್ನದು. ಮಳೆ, ಬೆಳೆ, ಮಾರುಕಟ್ಟೆ ದರ, ಇಷ್ಟೇ. ಇಷ್ಟು ದಿನ ಚಾರ್ಟೆಲ್ಲ ಇಂಗ್ಲಿಷಿನಲ್ಲೇ ಮಾಡುತ್ತಿದ್ದೆ. ಈ ಸಲ ವರದಿ ಗ್ರಾಮ ಪಂಚಾಯಿತಿಗಳಿಗೂ ಹೋಗುತ್ತದೆ, ಎಲ್ಲವೂ ಕನ್ನಡದಲ್ಲಿರಲಿ ಅಂದಿದ್ದಾರೆ. ನಾನು ಬಳಸುವುದು ಆರ್ (ಅಂಕಿ-ಅಂಶದ ಪ್ರೋಗ್ರಾಮಿಂಗ್ ಭಾಷೆ) ಮತ್ತು ಅದರಲ್ಲಿ ಚಾರ್ಟ್ ಬರೆಯುವ ಪ್ಯಾಕೇಜ್ ಜಿಜಿಪ್ಲಾಟ್2, ವಿಂಡೋಸ್ ಮೇಲೆ.

ಮೂರು ತೊಂದರೆ ಇದೆ. ಪಿಡಿಎಫ್ ಮಾಡಿದರೆ ಕನ್ನಡ ಇರಬೇಕಾದ ಕಡೆ ಬರೀ ಚುಕ್ಕೆ. ಯಾರೋ ಹೇಳಿದರು ಅಂತ ಬೇರೆ ಫಾಂಟ್ ತೋರಿಸುವ ಶೋಟೆಕ್ಸ್ಟ್ ಪ್ಯಾಕೇಜ್ ಹಾಕಿದೆ. ಚುಕ್ಕೆ ಹೋಯಿತು, ಆದರೆ ಒತ್ತಕ್ಷರ ಎಲ್ಲ ಬಿಡಿಬಿಡಿ. ಅಲ್ಲಿ ಇಲ್ಲಿ ಸರಿ ಬಂದಾಗಲೂ ನೋಡಲು ಚೆಂದ ಇಲ್ಲ. ಶೀರ್ಷಿಕೆ ಎರಡು ಸಾಲಾದರೆ ಒಂದಕ್ಕೊಂದು ತಾಗುತ್ತದೆ, ಹಿಂದೆ ಬೂದು ಬಣ್ಣ ಬೇರೆ. ನಮ್ಮ ಮೇಡಂ ನೋಡಿ, "ಇದು ಕರೆಂಟ್ ಬಿಲ್ ಇದ್ದಂಗ ಐತಲ್ಲ" ಅಂದರು.

ನೀವು ಯಾವ ಫಾಂಟ್, ಯಾವ ಥೀಮ್ (ಚಾರ್ಟಿನ ಒಟ್ಟು ರೂಪದ ಸೆಟ್ಟಿಂಗ್) ಹಾಕುತ್ತೀರಿ? ಎಲ್ಲಿ ಎಡವಿದಿರಿ ಅನ್ನುವುದನ್ನೂ ಹೇಳಿ. ಮುಂದಿನ ವಾರ ಅಚ್ಚಿಗೆ ಕೊಡಬೇಕು.

ಧಾರವಾಡದಿಂದ, ಸರ್ವೆ ವರದಿ ಮಾಡುವವನು

ಮೇಡಂ, ನಿಮ್ಮ ಮೂರೂ ತೊಂದರೆ ನನಗೂ ಬಂದಿದ್ದವು, ಇದೇ ಕ್ರಮದಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ಆಜ್ಞೆಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ನಡುವೆ ಚುಕ್ಕೆಯೋ ಅಂಡರ್‌ಸ್ಕೋರೋ ಬೇಕು; ಆರ್ ಕೋಡ್ ಬರೆಯುವ ತಂತ್ರಾಂಶ ಆರ್‌ಸ್ಟುಡಿಯೋದಲ್ಲಿ ಮೊದಲ ಎರಡು ಮೂರು ಅಕ್ಷರ ಹೊಡೆದರೆ ಅದೇ ತೋರಿಸುತ್ತದೆ.

ಮೊದಲು ನನ್ನ ಕಥೆ. ಗದಗ ಜಿಲ್ಲೆಯ ಏಳು ತಾಲ್ಲೂಕಿನ ಒಂದು ಬಾರ್ ಚಾರ್ಟ್ ಮಾಡಿದ್ದೆ, ಶೋಟೆಕ್ಸ್ಟ್ ಹಾಕಿಯೇ. ಮೇಲಿನ ಎರಡು ಹೆಸರು ನೋಡಿದೆ. ಗದಗ, ನರಗುಂದ. ಚೆನ್ನಾಗಿಯೇ ಇದ್ದವು. ಅವಸರ ಇತ್ತು, ಕಳಿಸಿಬಿಟ್ಟೆ. ಆ ಎರಡೂ ಹೆಸರಿನಲ್ಲಿ ಒತ್ತೇ ಇಲ್ಲ ಅನ್ನುವುದು ತಲೆಗೆ ಹೊಳೆಯಲಿಲ್ಲ. ಸಭೆಯಲ್ಲಿ ಪರದೆಯ ಮೇಲೆ ಹಾಕಿದಾಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತು, "ನಮ್ಮ ಲಕ್ಷ್ಮೇಶ್ವರ ಮುರದು ಹಾಕ್ಯಾರಲ್ರೀ" ಅಂದರು. ನೋಡಿದರೆ ಹೌದು. ‘ಲಕ್‌ಷ್‌ಮೇಶ್‌ವರ’ ಅನ್ನುವ ಹಾಗೆ, ಅದಕ್ಕಿಂತ ಕೆಟ್ಟದಾಗಿ ಬಿದ್ದುಕೊಂಡಿತ್ತು.

ಅವತ್ತಿನಿಂದ ಯಾವ ಫಾಂಟ್ ಇರಲಿ, ಯಾವ ಕಂಪ್ಯೂಟರ್ ಇರಲಿ, ಮೊದಲು ಒಂದು ಖಾಲಿ ಚಾರ್ಟಿಗೆ ಶೀರ್ಷಿಕೆಯಾಗಿ ಇಷ್ಟು ಬರೆದು ನೋಡುತ್ತೇನೆ: ಲಕ್ಷ್ಮೇಶ್ವರ, ಹುಬ್ಬಳ್ಳಿ, ಶಿಗ್ಗಾಂವಿ, ಮಾರ್ಚ್. ಮೊದಲನೆಯದರಲ್ಲಿ ‘ಕ’ಕ್ಕೆ ‘ಷ’, ಅದಕ್ಕೆ ಮತ್ತೆ ‘ಮ’, ಮೇಲೆ ಏತ್ವ. ಎರಡನೆಯದರಲ್ಲಿ ಸಾಲಾಗಿ ಎರಡು ಒತ್ತು. ಮೂರನೆಯದರಲ್ಲಿ ಒತ್ತಿನ ಜೊತೆ ಸೊನ್ನೆ. ನಾಲ್ಕನೆಯದರಲ್ಲಿ ಅರ್ಕಾವತ್ತು. ಈ ನಾಲ್ಕು ಸರಿ ಬಂದರೆ ಉಳಿದದ್ದು ಬಂದ ಹಾಗೆಯೇ.

ಹೀಗ್ಯಾಕೆ ಆಗುತ್ತದೆ ಅಂದರೆ, ಫಾಂಟಿನಲ್ಲಿ ಅಕ್ಷರದ ಆಕಾರಗಳು ಇರುತ್ತವೆ ಅಷ್ಟೇ. ‘ಬ’, ಹಲಂತ, ‘ಬ’ ಮೂರೂ ಸೇರಿದರೆ ‘ಬ್ಬ’ ಆಗಬೇಕು ಅಂತ ನೋಡಿ ಜೋಡಿಸುವ ಕೆಲಸ ಬೇರೆಯವರದು. ಅದಕ್ಕೆ ಶೇಪಿಂಗ್ ಅನ್ನುತ್ತಾರೆ. ಬ್ರೌಸರ್‌ನಲ್ಲಿ, ಆಂಡ್ರಾಯ್ಡ್ ಫೋನಿನಲ್ಲಿ ಆ ಕೆಲಸ ಮಾಡುವುದು ಹೆಚ್ಚಾಗಿ ಒಂದು ತಂತ್ರಾಂಶ, ಹಾರ್ಫ್‌ಬಝ್. ಶೋಟೆಕ್ಸ್ಟ್ ಒಂದೊಂದು ಸಂಕೇತದ ಆಕಾರ ತೆಗೆದು ಸಾಲಾಗಿ ಗೆರೆಯಲ್ಲಿ ಬರೆಯುತ್ತದೆ, ಜೋಡಿಸುವುದಿಲ್ಲ. ಇಂಗ್ಲಿಷಿಗೆ ಅಷ್ಟು ಸಾಕು, ನಮಗೆ ಸಾಲದು. ಇನ್ನು ಆರ್‌ನ ಮಾಮೂಲಿ ಪಿಡಿಎಫ್ ಡಿವೈಸ್‌ಗೆ (ಅಂದರೆ ಪಿಡಿಎಫ್ ಬರೆಯುವ ಭಾಗಕ್ಕೆ) ಕನ್ನಡ ಅಕ್ಷರವೇ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಚುಕ್ಕೆ ಇಟ್ಟು ಮುಂದೆ ಹೋಗುತ್ತದೆ.

ಮದ್ದು ರ‍್ಯಾಗ್ ಪ್ಯಾಕೇಜ್. ಅದರ ಹಿಂದೆ ಸಿಸ್ಟಮ್‌ಫಾಂಟ್ಸ್, ಟೆಕ್ಸ್ಟ್‌ಶೇಪಿಂಗ್ ಅಂತ ಇನ್ನೆರಡು ಪ್ಯಾಕೇಜ್ ಇವೆ, ಅವು ತಾವೇ ಬಂದು ಕೂರುತ್ತವೆ. ಟೆಕ್ಸ್ಟ್‌ಶೇಪಿಂಗ್ ಒಳಗೆ ಇರುವುದು ಅದೇ ಹಾರ್ಫ್‌ಬಝ್. ರ‍್ಯಾಗ್ ಹಾಕಿಕೊಂಡರೆ, ಚಾರ್ಟನ್ನು ಫೈಲಾಗಿ ಉಳಿಸುವ ಆಜ್ಞೆ ಜಿಜಿಸೇವ್ ಪಿಎನ್‌ಜಿ ಬರೆಯುವಾಗ ಅದನ್ನೇ ಬಳಸುತ್ತದೆ. ಆರ್‌ಸ್ಟುಡಿಯೋ ಪರದೆಗೆ ಮಾತ್ರ ಬೇರೆಯಾಗಿ ಹೇಳಬೇಕು: ಟೂಲ್ಸ್, ಗ್ಲೋಬಲ್ ಆಪ್ಷನ್ಸ್, ಜನರಲ್, ಅದರೊಳಗೆ ಗ್ರಾಫಿಕ್ಸ್, ಬ್ಯಾಕೆಂಡ್ ಜಾಗದಲ್ಲಿ ಎಜಿಜಿ. ಮರೆಯಬೇಡಿ, ಶೋಟೆಕ್ಸ್ಟ್ ಆಟೋ ಅನ್ನುವ ಸಾಲನ್ನು ಅಳಿಸಿ, ಆರ್ ಮುಚ್ಚಿ ಮತ್ತೆ ತೆರೆಯಿರಿ. ಆ ಸಾಲು ಉಳಿದರೆ ರ‍್ಯಾಗ್ ಇದ್ದರೂ ಅಕ್ಷರ ಬರೆಯುವ ಕೆಲಸ ಅದೇ ಕಿತ್ತುಕೊಳ್ಳುತ್ತದೆ. ನಾನು ಅರ್ಧ ದಿನ ಇಲ್ಲೇ ಕಳೆದೆ.

ಈಗ ನೋಡಲು ಚೆಂದ ಇಲ್ಲ ಅನ್ನುವ ಮಾತು. ಇದು ನಿಮ್ಮ ಕೈಗುಣ ಅಲ್ಲ. ಜಿಜಿಪ್ಲಾಟ್2ರ ಥೀಮಿನಲ್ಲಿ ಇರುವ ಅಳತೆಗಳೆಲ್ಲ ಇಂಗ್ಲಿಷ್ ಅಕ್ಷರ ನೋಡಿ ಇಟ್ಟದ್ದು. ಎರಡು ಜಾಗ ತೋರಿಸುತ್ತೇನೆ. ಒಂದು, ಸಾಲಿನ ನಡುವಿನ ಅಂತರ. ಲೈನ್‌ಹೈಟ್ ತಾನಾಗಿ 0.9 ಇರುತ್ತದೆ. ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏರುತ್ತದೆ, ನಡುವೆ ಇಬ್ಬರಿಗೂ ಜಗಳ. 1.25 ಮಾಡಿ. ಎರಡನೆಯದು ಇನ್ನೂ ಮಜಾ ಇದೆ. ಅಕ್ಷದ ಕೆಳಗಿನ ಹೆಸರಿಗೆ ಎಷ್ಟು ಆಳ ಜಾಗ ಬೇಕು ಅಂತ ಅಳೆಯಲು ಜಿಜಿಪ್ಲಾಟ್2 ಒಳಗೊಳಗೇ ಬಾಲ ಇರುವ ಇಂಗ್ಲಿಷ್ ಅಕ್ಷರಗಳನ್ನು ಬರೆದು ನೋಡುತ್ತದೆ: ಜಿ, ಜೆ, ಪಿ, ಕ್ಯೂ, ವೈ. ಅವುಗಳ ಬಾಲ ಎಷ್ಟು ಇಳಿಯುತ್ತದೋ ಅಷ್ಟೇ ಆಳ ನಮ್ಮ ‘ಕ್ಷ್ಮೇ’ಗೂ ಸಿಗುವುದು. ಒಂದು ಒತ್ತು ಹೇಗೋ ಹೊಂದಿಕೊಳ್ಳುತ್ತದೆ. ಒತ್ತಿನ ಕೆಳಗೆ ಒತ್ತು ಬಂದರೆ ಕೆಳಗಿನ ಬರಹಕ್ಕೆ ತಾಗುತ್ತದೆ, ಅಥವಾ ಚಿತ್ರದ ಅಂಚಿನಲ್ಲಿ ಕತ್ತರಿಸಿ ಹೋಗುತ್ತದೆ. ಅದಕ್ಕೆ ಮಾರ್ಜಿನ್ ನಾವೇ ಕೈಯಾರೆ ಕೊಡಬೇಕು. ನಾನು ಆಕ್ಸಿಸ್ ಟೆಕ್ಸ್ಟಿನ ಕೆಳಗೆ 4 ಪಾಯಿಂಟ್, ಶೀರ್ಷಿಕೆಯ ಕೆಳಗೆ 8 ಪಾಯಿಂಟ್ ಹೆಚ್ಚಿಗೆ ಇಡುತ್ತೇನೆ.

ನನ್ನ ಥೀಮ್ ಶುರುವಾಗುವುದು ಥೀಮ್ ಮಿನಿಮಲ್‌ನಿಂದ. ನಿಮಗೆ ಬೂದು ಹಿನ್ನೆಲೆ ಬರುತ್ತಿರುವುದು ಏನೂ ಹೇಳದಿದ್ದರೆ ಥೀಮ್ ಗ್ರೇ ಬರುವುದರಿಂದ. ಮಿನಿಮಲ್ ಹಾಕಿ, ಬೇಸ್ ಸೈಜ್ 11 ಇರುವುದನ್ನು 13 ಮಾಡುತ್ತೇನೆ. ಬೇಸ್ ಫ್ಯಾಮಿಲಿ ನೋಟೋ ಸಾನ್ಸ್ ಕನ್ನಡ. ಸಣ್ಣ ಗ್ರಿಡ್ ಗೆರೆಗಳನ್ನು ತೆಗೆದುಹಾಕುತ್ತೇನೆ. ಬಾರ್ ಚಾರ್ಟ್ ಆದರೆ ಬಾರಿನ ದಿಕ್ಕಿನ ಗೆರೆಗಳೂ ಬೇಡ. ಪ್ಲಾಟ್ ಟೈಟಲ್ ಪೊಸಿಷನ್ ಅನ್ನು ಪ್ಲಾಟ್ ಅಂತ ಕೊಟ್ಟರೆ ಶೀರ್ಷಿಕೆ ಚಿತ್ರದ ಎಡ ಅಂಚಿನಿಂದ ಶುರುವಾಗುತ್ತದೆ. ತಾಲ್ಲೂಕಿನ ಹೆಸರು ಉದ್ದ ಇದ್ದಾಗ ಇದು ಬಹಳ ಉಪಯೋಗ. ಇಲ್ಲದಿದ್ದರೆ ಶೀರ್ಷಿಕೆ ಎಲ್ಲೋ ನಡುವೆ ತೇಲುತ್ತಿರುತ್ತದೆ. ನಿಂತ ಅಕ್ಷದ ಹೆಸರನ್ನು ತಿರುಗಿಸಿ ಬರೆಯುವುದು ಬಿಟ್ಟೇ ಬಿಟ್ಟೆ. ಇಂಗ್ಲಿಷನ್ನು ಕತ್ತು ವಾಲಿಸಿ ಓದಬಹುದು, ಕನ್ನಡ ಆಗುವುದಿಲ್ಲ. ‘ಮಳೆ, ಮಿಲಿಮೀಟರ್‌ಗಳಲ್ಲಿ’ ಅಂತ ಉಪಶೀರ್ಷಿಕೆಯಲ್ಲೇ ಬರೆದರೆ ಮುಗಿಯಿತು.

ಜಿಜಿಪ್ಲಾಟ್2ರ 4.0ಕ್ಕಿಂತ ಹಳೆಯ ಆವೃತ್ತಿ ಇದ್ದರೆ, ಇಷ್ಟು ಮಾಡಿದ ಮೇಲೂ ಬಾರಿನ ಮೇಲಿನ ಅಂಕಿ, ಹೆಸರು ಬೇರೆ ಫಾಂಟಿನಲ್ಲೇ ಬರುತ್ತವೆ. ಗಾಬರಿ ಆಗಬೇಡಿ. ಚಾರ್ಟಿನೊಳಗೆ ಅಕ್ಷರ ಬರೆಯುವ ಜಿಯೋಮ್ ಟೆಕ್ಸ್ಟ್ ಅಲ್ಲಿ ಥೀಮಿನ ಬೇಸ್ ಫ್ಯಾಮಿಲಿಯನ್ನು ಕೇಳುವುದಿಲ್ಲ. ಅದಕ್ಕೆ ಅಪ್‌ಡೇಟ್ ಜಿಯೋಮ್ ಡಿಫಾಲ್ಟ್ಸ್ ಅಂತ ಬೇರೆ ಆಜ್ಞೆ. ಅದರ ಸೈಜ್ ಕೂಡ ಪಾಯಿಂಟ್ ಅಲ್ಲ, ಮಿಲಿಮೀಟರ್. ನೀವು 11 ಅಂತ ಕೊಟ್ಟರೆ 31 ಪಾಯಿಂಟಿನ ಅಕ್ಷರ ಬಂದು ಕೂರುತ್ತದೆ. 11 ಪಾಯಿಂಟ್ ಬೇಕಿದ್ದರೆ 3.88 ಕೊಡಬೇಕು. ಹೊಸ ಆವೃತ್ತಿಯಲ್ಲಿ ಸೈಜ್ ಯೂನಿಟ್ ಪಾಯಿಂಟ್ ಅಂತ ಹೇಳುವ ಅವಕಾಶ ಇದೆ.

ಕೊನೆಗೆ ಅಳತೆ. ಮೊದಲು ಪುಟದಲ್ಲಿ ಚಾರ್ಟಿಗೆ ಎಷ್ಟು ಜಾಗ ಅಂತ ಸ್ಕೇಲ್ ಹಿಡಿದು ನೋಡಿ. 6 ಇಂಚು ಅಗಲ ಇದ್ದರೆ ಜಿಜಿಸೇವ್‌ಗೆ 6 ಅಂತಲೇ ಕೊಡಿ. ದೊಡ್ಡದು ಮಾಡಿ ಆಮೇಲೆ ಸಣ್ಣದು ಮಾಡೋಣ ಅಂತ 12 ಇಂಚಿಗೆ ಉಳಿಸಿದರೆ, ವರ್ಡ್‌ನಲ್ಲಿ ಎಳೆದು ಅರ್ಧ ಮಾಡಿದಾಗ 13 ಪಾಯಿಂಟ್ ಆರೂವರೆ ಆಗುತ್ತದೆ. ಆರೂವರೆ ಪಾಯಿಂಟಿನಲ್ಲಿ ‘ಪ’ ಯಾವುದು ‘ಷ’ ಯಾವುದು ಗೊತ್ತಾಗುವುದಿಲ್ಲ. ‘ಅಕ್ಷರ ಸಣ್ಣ ಬರುತ್ತಿದೆ’ ಅಂತ ಕೇಳುವವರಲ್ಲಿ ಹೆಚ್ಚಿನವರದು ಫಾಂಟಿನ ತೊಂದರೆ ಅಲ್ಲವೇ ಅಲ್ಲ, ಇದೇ.

ಇದನ್ನೆಲ್ಲ ಒಂದು ಫಂಕ್ಷನ್ ಮಾಡಿ ಒಂದೇ ಫೈಲಿನಲ್ಲಿ ಇಡಿ. ಪ್ರತಿ ಕೆಲಸದ ಮೊದಲ ಸಾಲಿನಲ್ಲಿ ಅದನ್ನು ಸೋರ್ಸ್ ಮಾಡಿ, ಥೀಮ್ ಸೆಟ್ ಕೊಟ್ಟರೆ ಎಲ್ಲ ಚಾರ್ಟಿಗೂ ಒಂದೇ ರೂಪ. ನನ್ನ ಫೈಲ್ ಇಪ್ಪತ್ತೆರಡು ಸಾಲು ಇದೆ, ಅಷ್ಟೇ.

ಹುಬ್ಬಳ್ಳಿಯಿಂದ

ಫಾಂಟ್ ಬಗ್ಗೆ ಒಂದು ಮಾತು. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಅನ್ನುವ ಹೆಸರಿನ ಫಾಂಟೇ ಇದೆ, ಗೊತ್ತಾ? ಕನ್ನಡ, ಇಂಗ್ಲಿಷ್ ಎರಡೂ ಇದೆ. ನಮ್ಮೂರಿನ ಹೆಸರು ಅಂತ ಅಭಿಮಾನಕ್ಕೆ ಹಾಕಿದೆ. ಗೆರೆ ಎಲ್ಲ ಒಂದೇ ದಪ್ಪ, ಕೈಬರಹದ ಹಾಗೆ ಸಲೀಸು. ಪೋಸ್ಟರಿಗೆ ಚೆಂದ. ಆದರೆ ಅದರಲ್ಲಿ ದಪ್ಪ ಅಕ್ಷರದ ಫಾಂಟ್ ಇಲ್ಲ. ಶೀರ್ಷಿಕೆಗೆ ಬೋಲ್ಡ್ ಅಂತ ಹತ್ತು ಸಲ ಬರೆದರೂ ತೆಳ್ಳಗೇ ಬಂತು. ವರದಿಗೆ ಅದು ಆಗುವುದಿಲ್ಲ. ನೋಟೋ ಸಾನ್ಸ್ ಕನ್ನಡದಲ್ಲಿ ತೆಳುವಿನಿಂದ ಕಡುದಪ್ಪದವರೆಗೆ ಎಲ್ಲ ಇದೆ. ಅನೆಕ್ ಕನ್ನಡದಲ್ಲಿ ದಪ್ಪದ ಜೊತೆ ಅಗಲವನ್ನೂ ಕಿರಿದು ಮಾಡಬಹುದು. ತಾಲ್ಲೂಕಿನ ಹೆಸರು ಒತ್ತೊತ್ತಾಗಿ ಬಂದಾಗ ನಾನು ಕಿರಿದಾದ ಅನೆಕ್ ಹಾಕುತ್ತೇನೆ.

ಏನೂ ಇಳಿಸಿಕೊಳ್ಳಲು ಆಗದ ಕಂಪ್ಯೂಟರ್ ಆದರೆ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತದೆ. ತುಂಗಾ ಕೂಡ ಇದ್ದೀತು, ಆದರೆ ಅದರ ಅಕ್ಷರ ಸಣ್ಣ, ನನಗೆ ಇಷ್ಟ ಇಲ್ಲ.

ಇಟಾಲಿಕ್ ಬಳಸಬೇಡಿ. ಕನ್ನಡಕ್ಕೆ ವಾಲಿಸಿದ ಅಕ್ಷರದ ರೂಢಿಯೇ ಇಲ್ಲ. ಮೂಲ ಹೇಳುವ ಸಾಲನ್ನು ಸಣ್ಣ ಅಕ್ಷರದಲ್ಲಿ ಬೂದು ಬಣ್ಣದಲ್ಲಿ ಹಾಕಿದರೆ ಸಾಕು.

ಗದಗದಿಂದ, ಪ್ರಿಂಟಿಂಗ್ ಪ್ರೆಸ್

ತಂಗಿ, ಅಚ್ಚಿಗೆ ಕೊಡಬೇಕು ಅಂದಿದ್ದೀಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಆರ್ ಗೊತ್ತಿಲ್ಲ. ನಮ್ಮ ಊರನ್ನು ಮುದ್ರಣ ಕಾಶಿ ಅನ್ನುತ್ತಾರೆ. ನಾನು ಮೊಳೆ ಜೋಡಿಸುವ ಕಾಲದಿಂದ ಇದೇ ಕೆಲಸದಲ್ಲಿ ಇದ್ದೇನೆ.

ಮೇಲೆ ಧಾರವಾಡದವರು ಸಾಲಿನ ನಡುವಿನ ಅಂತರ ಹೇಳಿದರು. ನಾವು ಆಗ ಎರಡು ಸಾಲಿನ ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದೆವು. ಕನ್ನಡಕ್ಕೆ ಒತ್ತು ಬೇರೆ ಮೊಳೆ, ಅಕ್ಷರದ ಕೆಳಗೆ ಕೂರಿಸಬೇಕು. ಪಟ್ಟಿ ಕಡಿಮೆ ಆದರೆ ಒತ್ತು ಮುರಿಯುತ್ತಿತ್ತು. ಯಜಮಾನರು ದಿನಾ ಬೈಯುತ್ತಿದ್ದರು: "ಒತ್ತಿಗೆ ಉಸುರು ಬಿಡಾಕ ಜಾಗಾ ಕೊಡೋ." ಈಗ ಮೊಳೆ ಇಲ್ಲ, ತಪ್ಪು ಅದೇ ಇದೆ.

ನೀವು ಕಂಪ್ಯೂಟರ್‌ನವರು ತರುವ ಚಾರ್ಟಿನಲ್ಲಿ ನಾನು ದಿನಾ ನೋಡುವ ತೊಂದರೆ ಎರಡು. ಗೆರೆ ತೀರ ತೆಳು ಬೂದು. ಪರದೆಯ ಮೇಲೆ ಬಹಳ ಚೆಂದ, ಅಚ್ಚಿನಲ್ಲಿ ಮಾಯ. ಮಗ ಹೇಳಿದ, ಆ ಮಿನಿಮಲ್ ಥೀಮಿನ ಗೆರೆ ಗ್ರೇ 92 ಅಂತ. ಅಂದರೆ ನೂರರಲ್ಲಿ ಎಂಟು ಪಾಲು ಕಪ್ಪು. ಎಂಟು ಪಾಲಿನ ತೆಳು ಗೆರೆ ಸಾದಾ ಕಾಗದದ ಮೇಲೆ ನಿಲ್ಲುವುದಿಲ್ಲ. ಇಪ್ಪತ್ತೈದು ಪಾಲಾದರೂ ಇರಲಿ.

ಇನ್ನೊಂದು, ಕಪ್ಪು. ನೀವು ತರುವ ಪಿಎನ್‌ಜಿ ಕೆಂಪು-ಹಸಿರು-ನೀಲಿ ಲೆಕ್ಕದ್ದು. ನಾವು ಅದನ್ನು ನಾಲ್ಕು ಬಣ್ಣಕ್ಕೆ ಬದಲಿಸಿದಾಗ ನಿಮ್ಮ ಕಪ್ಪು ಅಕ್ಷರ ನಾಲ್ಕೂ ಬಣ್ಣದಲ್ಲಿ ಹಂಚಿ ಹೋಗುತ್ತದೆ. ನಾಲ್ಕು ಪ್ಲೇಟಿನಲ್ಲಿ ಒಂದು ಕೂದಲೆಳೆ ಆಚೀಚೆ ಆದರೆ ದೊಡ್ಡ ಅಕ್ಷರಕ್ಕೆ ಏನೂ ಆಗುವುದಿಲ್ಲ, ಸಣ್ಣ ಒತ್ತಿನ ಸುತ್ತ ಕೆಂಪು ನೀಲಿ ನೆರಳು ಕಾಣುತ್ತದೆ. ಒಳಪುಟ ಒಂದೇ ಬಣ್ಣದ್ದು ಆದರೆ ಚಾರ್ಟನ್ನೂ ಬೂದು ಮಾಡಿಯೇ ತಾ. ಬಣ್ಣದ್ದೇ ಬೇಕಿದ್ದರೆ, ಅಕ್ಷರ 9 ಪಾಯಿಂಟಿಗಿಂತ ಕೆಳಗೆ ಇಳಿಸಬೇಡ. ಬಣ್ಣದ ಪಟ್ಟಿಯ ಮೇಲೆ ಬಿಳಿ ಸಣ್ಣ ಅಕ್ಷರವಂತೂ ಬೇಡವೇ ಬೇಡ, ಒತ್ತು ತುಂಬಿಕೊಂಡು ಹೋಗುತ್ತದೆ. ಪಿಎನ್‌ಜಿ ಕೊಡುವುದಾದರೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಕೊಡು. 300 ಫೋಟೋಕ್ಕೆ ಸಾಕು, ಅಕ್ಷರಕ್ಕೆ ಸಾಲದು.

ಧಾರವಾಡದಿಂದ, ಮತ್ತೆ

ಕಾಕಾ ಹೇಳಿದ ಗ್ರೇ 92 ಮಾತು ಸರಿ. ನಾನು ಇದುವರೆಗೆ ಗಮನಿಸಿರಲಿಲ್ಲ, ಈಗಷ್ಟೇ ಗ್ರೇ 75ಕ್ಕೆ ಬದಲಿಸಿದೆ.

ಪಿಡಿಎಫ್ ಬಗ್ಗೆ ಮೇಲೆ ಬರೆಯಲು ಮರೆತೆ. ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ಕೈರೋ ಪಿಡಿಎಫ್ ಡಿವೈಸ್ ಕನ್ನಡವನ್ನು ಸರಿಯಾಗಿ ಬರೆಯುತ್ತದೆ. ಅದೇ ಆಜ್ಞೆ ಆಫೀಸಿನ ವಿಂಡೋಸ್‌ನಲ್ಲಿ ಒತ್ತು ಒಡೆಯಿತು. ನೀವು ವಿಂಡೋಸ್ ಅಂದಿರಲ್ಲ, ಹಾಗಾಗಿ ಎಸ್‌ವಿಜಿಲೈಟ್ ಪ್ಯಾಕೇಜಿನಿಂದ ಎಸ್‌ವಿಜಿ (ಗೆರೆ-ಚಿತ್ರದ ಫೈಲ್) ಮಾಡಿ, ಚಿತ್ರ ತಿದ್ದುವ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ತೆರೆದು ಪಿಡಿಎಫ್ ಮಾಡಿ. ಎಸ್‌ವಿಜಿಯಲ್ಲಿ ಅಕ್ಷರ ಅಕ್ಷರವಾಗಿಯೇ ಇರುತ್ತದೆ, ಜೋಡಿಸುವ ಕೆಲಸ ಇಂಕ್‌ಸ್ಕೇಪ್ ಮಾಡುತ್ತದೆ. ಉಳಿಸುವ ಮುಂಚೆ ಅಕ್ಷರಗಳನ್ನು ಪಾತ್ (ಬರೀ ಗೆರೆಯ ಆಕಾರ) ಮಾಡಿದರೆ ಪ್ರೆಸ್ಸಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಚಿಂತೆ ಇಲ್ಲ.

ಧಾರವಾಡದಿಂದ, ಪಿಎಚ್‌ಡಿ ವಿದ್ಯಾರ್ಥಿನಿ

ಅಕ್ಕಾ, ಪಂಚಾಯಿತಿಗೆ ಹೋಗುವ ವರದಿ ಅಂದರೆ ಒಂದು ಪ್ರತಿ ಹೋಗುತ್ತದೆ, ಅದರ ಮೇಲೆ ಹತ್ತು ಝೆರಾಕ್ಸ್ ಆಗುತ್ತವೆ. ನನ್ನ ಪ್ರಬಂಧದ ಕರಡಿನಲ್ಲಿ ಹಿಂಗಾರಿ ಜೋಳ, ಕಡಲೆ, ಗೋಧಿ ಮೂರಕ್ಕೆ ಜಿಜಿಪ್ಲಾಟ್ ತಾನಾಗಿ ಕೊಡುವ ಕೆಂಪು, ಹಸಿರು, ನೀಲಿ ಬಿಟ್ಟಿದ್ದೆ. ಝೆರಾಕ್ಸ್ ಆಗಿ ಬಂದಾಗ ಮೂರೂ ಒಂದೇ ಬೂದು. ಆ ಬಣ್ಣಗಳ ಛಾಯೆ ಬೇರೆ, ಬೆಳಕು ಒಂದೇ. ಅದಕ್ಕೇ ಹಾಗೆ. ಗೈಡ್ ಸರ್ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ "ಕಡಲೆ ಎಲ್ಲಿ?" ಅಂತ ಬರೆದಿದ್ದರು. ಆ ಪುಟ ಇನ್ನೂ ನನ್ನ ಹತ್ತಿರ ಇದೆ.

ಈಗ ವಿರಿಡಿಸ್ ಅನ್ನುವ ಬಣ್ಣದ ಸಾಲು ಬಳಸುತ್ತೇನೆ. ಕತ್ತಲಿನಿಂದ ಬೆಳಕಿನ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದರಿಂದ ಝೆರಾಕ್ಸ್‌ನಲ್ಲೂ ಗೊತ್ತಾಗುತ್ತದೆ. ಕೊನೆಯ ಹಳದಿ ಮಾತ್ರ ಬಿಳಿ ಕಾಗದದ ಮೇಲೆ ಕಾಣದು, ಎಂಡ್ 0.85 ಕೊಟ್ಟು ಕತ್ತರಿಸುತ್ತೇನೆ. ಬೆಳೆಗಳ ಹಾಗೆ ಬರೀ ಹೆಸರು ಇದ್ದಾಗ ಒಕಾಬೆ-ಇಟೊ ಬಣ್ಣ ಚೆನ್ನ, ಕೆಂಪು ಹಸಿರು ಬೇರೆ ಮಾಡಲಾಗದವರಿಗೂ ಗೊತ್ತಾಗುವ ಹಾಗೆ ಆರಿಸಿದ್ದು. ಆರ್ 4.0ರಿಂದ ಅದು ಒಳಗೇ ಇದೆ, ಪ್ಯಾಲೆಟ್ ಕಲರ್ಸ್ ಅಂತ ಕರೆದರೆ ಬರುತ್ತದೆ. ಜೊತೆಗೆ ಗೆರೆಯ ಬಗೆಯನ್ನೂ ಬದಲಿಸಿ: ಒಂದು ಅಖಂಡ, ಒಂದು ತುಂಡು, ಒಂದು ಚುಕ್ಕಿ.

ತಿಂಗಳ ಹೆಸರು ಗಿಡ್ಡ ಮಾಡುವಾಗ ಹುಷಾರು. ನಾನು ಸುಮ್ನೆ ಮೊದಲ ಮೂರು ಅಕ್ಷರ ಅಂತ ಸಬ್‌ಸ್ಟ್ರಿಂಗ್ ಕೊಟ್ಟೆ. ‘ಮಾರ್ಚ್’ ಹೋಗಿ ‘ಮಾರ’ ಆಯಿತು, ‘ಅಕ್ಟೋಬರ್’ ಹೋಗಿ ‘ಅಕ್’ ಆಯಿತು. ಕಂಪ್ಯೂಟರ್ ಎಣಿಸುವುದು ನಾವು ಓದುವ ಅಕ್ಷರವನ್ನಲ್ಲ. ಸ್ವರಚಿಹ್ನೆ ಒಂದು, ಹಲಂತ ಒಂದು ಅಂತ ಬೇರೆ ಬೇರೆ ಎಣಿಸುತ್ತದೆ. ‘ಹುಬ್ಬಳ್ಳಿ’ ನಮಗೆ ಮೂರು, ಅದಕ್ಕೆ ಒಂಬತ್ತು. ಹನ್ನೆರಡು ತಿಂಗಳ ಹೆಸರು ಕೈಯಾರೆ ಬರೆದು ಒಂದು ಪಟ್ಟಿ ಮಾಡಿಟ್ಟುಕೊಳ್ಳಿ, ಐದು ನಿಮಿಷದ ಕೆಲಸ.

ಬ್ಯಾಡಗಿಯಿಂದ

ನಾನು ಮೆಣಸಿನಕಾಯಿ ದರದ ಚಾರ್ಟ್ ವಾರಕ್ಕೊಂದು ಮಾಡಿ ವಾಟ್ಸಾಪಿಗೆ ಹಾಕುತ್ತೇನೆ. ಡಬ್ಬಿಗೆ ಒಂದು ಗೆರೆ, ಕಡ್ಡಿಗೆ ಒಂದು ಗೆರೆ (ಎರಡೂ ಮೆಣಸಿನಕಾಯಿಯ ಬಗೆ). ಮೊದಲ ಸಲ ಮೆಣಸಿನಕಾಯಿ ಅಲ್ವಾ ಅಂತ ಎರಡಕ್ಕೂ ಕೆಂಪೇ ಹಾಕಿದ್ದೆ, ಒಂದು ಕಡುಗೆಂಪು, ಒಂದು ಇಟ್ಟಿಗೆ ಕೆಂಪು. ನನಗೆ ಬಹಳ ಹೆಮ್ಮೆ. ರೈತರೊಬ್ಬರು ಫೋನ್ ಮಾಡಿ, "ತಮ್ಮಾ, ಯಾವುದು ಏರೇತಿ, ಯಾವುದು ಇಳದೇತಿ, ಬಾಯಿಲೇ ಹೇಳಿಬಿಡು" ಅಂದರು. ಈಗ ಡಬ್ಬಿ ಕೆಂಪು, ಕಡ್ಡಿ ಕಡುನೀಲಿ. ಬಣ್ಣದ ಪಟ್ಟಿ ಪಕ್ಕದಲ್ಲಿ ಇಡುವುದನ್ನೂ ಬಿಟ್ಟೆ. ಗೆರೆ ಮುಗಿಯುವ ಜಾಗದಲ್ಲೇ, ಗೆರೆಯದೇ ಬಣ್ಣದಲ್ಲಿ ಹೆಸರು ಬರೆಯುತ್ತೇನೆ. ಫೋನಿನಲ್ಲಿ ನೋಡುವವರು ಗೆರೆಯಿಂದ ಪಟ್ಟಿಗೆ, ಪಟ್ಟಿಯಿಂದ ಗೆರೆಗೆ ಕಣ್ಣು ಓಡಿಸುವುದಿಲ್ಲ. ಬಲಗಡೆ ಮಾರ್ಜಿನ್ ಜಾಸ್ತಿ ಕೊಟ್ಟು, ಕ್ಲಿಪ್ ಆಫ್ ಮಾಡಿದರೆ ಹೆಸರು ಕತ್ತರಿಸುವುದಿಲ್ಲ.

ಅಂಕಿಯ ಬಗ್ಗೆ ಯಾರೂ ಹೇಳಲಿಲ್ಲ. ಆವಕದ ಚಾರ್ಟಿನಲ್ಲಿ ಸ್ಕೇಲ್ಸ್ ಪ್ಯಾಕೇಜಿನ ಲೇಬಲ್ ಕಾಮಾ ಹಾಕಿದರೆ ಮೂರು ಮೂರು ಅಂಕಿಗೆ ಅಲ್ಪವಿರಾಮ ಬರುತ್ತದೆ. 150,000 ಅಂತ. ನಮ್ಮ ಕಡೆ ಯಾರೂ ಹಾಗೆ ಓದುವುದಿಲ್ಲ. ಲೇಬಲ್ ನಂಬರ್‌ನಲ್ಲಿ ಸ್ಕೇಲ್ 0.00001, ಸಫಿಕ್ಸ್ ‘ ಲಕ್ಷ’ ಅಂತ ಕೊಡಿ. ‘1.5 ಲಕ್ಷ’ ಅಂತ ಬರುತ್ತದೆ. ಲಕ್ಷದ ಹಿಂದೆ ಒಂದು ಖಾಲಿ ಜಾಗ ಬಿಡುವುದನ್ನು ಮರೆಯಬೇಡಿ.

ಕನ್ನಡ ಅಂಕಿ ಹಾಕಬೇಕೆ ಅಂತ ನಾನೂ ಯೋಚಿಸಿದ್ದೆ. ಅಕ್ಷರ ಬದಲಿಸುವ ಚಾರ್‌ಟಿಆರ್ ಫಂಕ್ಷನ್ನಿನಿಂದ ಒಂದೇ ಸಾಲಿನಲ್ಲಿ ಆಗುತ್ತದೆ. ಆದರೆ ಸಣ್ಣ ಅಕ್ಷರದಲ್ಲಿ ೬ ಮತ್ತು ೭ ಬೇಗ ಗೊತ್ತಾಗುವುದಿಲ್ಲ, ೯ ಅರ್ಕಾವತ್ತಿನ ಹಾಗೆ, ೦ ಸೊನ್ನೆಯ ಅಕ್ಷರದ ಹಾಗೆ ಕಾಣುತ್ತದೆ. ದರದ ಚಾರ್ಟಿನಲ್ಲಿ ೬೦೦೦ ಅನ್ನು ೭೦೦೦ ಅಂತ ಓದಿದರೆ ನನ್ನನ್ನು ಬಿಡುತ್ತಾರಾ? ಬಸ್ಸಿನ ಬೋರ್ಡಿನಷ್ಟು ದೊಡ್ಡದಿದ್ದರೆ ಕನ್ನಡ ಅಂಕಿ ಚೆಂದ. ಚಾರ್ಟಿಗೆ ನಾನು ಹಾಕುವುದಿಲ್ಲ. ಇದಕ್ಕೆ ಒಪ್ಪದವರು ಇರುತ್ತಾರೆ, ಇರಲಿ.

ರಾಣೆಬೆನ್ನೂರಿನಿಂದ

ಒಂದು ಸಣ್ಣ ಎಚ್ಚರಿಕೆ. ನಿಮಗೆ ಬರುವ ಹಳೆಯ ಫೈಲುಗಳು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿದ್ದರೆ ಮೇಲಿನ ಯಾವ ಮದ್ದೂ ನಾಟುವುದಿಲ್ಲ. ಎಕ್ಸೆಲ್‌ನಲ್ಲಿ ಕನ್ನಡವಾಗಿ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಸಂಕೇತ. ಆರ್‌ಗೆ ತಂದರೆ ‘ಕನ್ನಡ’ ಅನ್ನುವ ಪದದ ನಡುವೆ ಪೌಂಡಿನ ಗುರುತು ಬಂದು ಕೂರುತ್ತದೆ. ಪೌಂಡ್ ಕಂಡರೆ ಫಾಂಟ್ ಹುಡುಕಲು ಹೋಗಬೇಡಿ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ನಾನು ಎರಡು ದಿನ ಫಾಂಟ್ ಹುಡುಕಿದವನು.

ಪರಿವರ್ತಿಸಿದ ಮೇಲೆ ‘ರ‍್ಯಾಂಕ್’ ತರಹದ ಪದ ನೋಡಿ. ಅದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡುಗುರುತು ಇರುತ್ತದೆ. ಡೇಟಾ ಸ್ವಚ್ಛ ಮಾಡುತ್ತೇನೆ ಅಂತ ಕಾಣದ ಗುರುತು ಎಲ್ಲ ಅಳಿಸಿದರೆ ಅದು ‘ರ್ಯಾಂಕ್’ ಆಗುತ್ತದೆ.

ಹುಬ್ಬಳ್ಳಿಯಿಂದ, ಪೈಥಾನ್ ಬಳಸುವವನು

ಪೈಥಾನ್‌ನವರಿಗೂ ಒಂದು ಸಾಲು. ಅಲ್ಲಿ ಚಾರ್ಟ್ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್‌ನ ಮಾಮೂಲಿ ಫಾಂಟ್ ಡೆಜಾವು ಸಾನ್ಸ್, ಅದರಲ್ಲಿ ಕನ್ನಡ ಇಲ್ಲ, ಬರೀ ಚೌಕ ಬರುತ್ತವೆ. ನೋಟೋ ಕೊಟ್ಟರೆ ಚೌಕ ಹೋಗುತ್ತವೆ, ಆದರೆ ನನ್ನ ಬಳಿ ಇರುವ ಆವೃತ್ತಿಯಲ್ಲಿ ಒತ್ತು ಒಡೆಯುತ್ತದೆ. ಎಂಪಿಎಲ್‌ಕೈರೋ ಅನ್ನುವ ಪ್ಯಾಕೇಜ್ ಹಾಕಿದ ಮೇಲೆ ಸರಿಯಾಯಿತು. ಅದನ್ನು ವಿಂಡೋಸ್‌ನಲ್ಲಿ ಕೂರಿಸುವಷ್ಟರಲ್ಲಿ ಸಾಕುಸಾಕಾಯಿತು. ಕನ್ನಡ ಚಾರ್ಟಿನ ಮಟ್ಟಿಗೆ ನಾನೇ ಈಗ ಆರ್‌ಗೆ ಬರುತ್ತೇನೆ.

ಹಾವೇರಿಯಿಂದ, ಕೇಳಿದವಳು

ಎಲ್ಲರಿಗೂ ಧನ್ಯವಾದ. ರ‍್ಯಾಗ್ ಹಾಕಿದೆ, ಶೋಟೆಕ್ಸ್ಟ್ ಸಾಲು ಅಳಿಸಿದೆ, ನಾಲ್ಕು ಪದದ ಪರೀಕ್ಷೆ ಮಾಡಿದೆ. ನಾಲ್ಕೂ ಪಾಸ್. ನಮ್ಮ ಎಂಟು ತಾಲ್ಲೂಕಿನಲ್ಲಿ ರಟ್ಟೀಹಳ್ಳಿ, ಹಿರೇಕೆರೂರು ಉದ್ದ ಆಗಿ ಒಂದರ ಮೇಲೊಂದು ಬೀಳುತ್ತಿದ್ದವು. ಬಾರನ್ನು ಮಲಗಿಸಿದೆ, ಹೆಸರು ಎಡಗಡೆ ಬಂತು, ಜಗಳ ಮುಗಿಯಿತು. ಬಾರ್‌ಗಳನ್ನು ಮಳೆ ಜಾಸ್ತಿ ಇರುವ ತಾಲ್ಲೂಕಿನಿಂದ ಕಡಿಮೆಯ ಕಡೆಗೆ ಜೋಡಿಸಿದ್ದೇನೆ.

ಪ್ರೆಸ್ಸಿನ ಕಾಕಾ ಹೇಳಿದಂತೆ ಗೆರೆ ಗಟ್ಟಿ ಮಾಡಿ, 600 ಡಿಪಿಐನಲ್ಲಿ ಒಂದು ಪುಟ ಅಚ್ಚು ಹಾಕಿಸಿ ನೋಡಿದೆವು. ಒತ್ತು ಎಲ್ಲ ಬಂದಿವೆ. ಮೇಡಂ ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. "ಹ್ಞೂಂ, ಈಗ ಓದಾಕ ಬರತೈತಿ" ಅಂದರು. ಆಮೇಲೆ ಹೆಬ್ಬೆರಳು ಶೀರ್ಷಿಕೆಯ ಮೇಲೆ ಇಟ್ಟು, "ಶಿಗ್ಗಾಂವಿ ಅಂತ ಹಾಕೀಯಲ್ಲ, ಕೆಳಗ ಪಟ್ಟಿಯೊಳಗ ಶಿಗ್ಗಾವಿ ಅಂತ ಐತಿ. ಯಾವುದು ಖರೇ?" ಅಂದರು.

ಈಗ ಅದನ್ನು ಕೂತು ಸರಿ ಮಾಡುತ್ತಿದ್ದೇನೆ.